ಒಂದೇ ಪುಟಕ್ಕೆ ಮುಗಿಬಿದ್ದ ಓದುಗರು

2009ರ ಜೂನ್ 25ರಂದು ಗಾಯಕ ಮೈಕೆಲ್ ಜಾಕ್ಸನ್ ನಿಧನರಾದ ಸುದ್ದಿ ಹರಡುತ್ತಲೇ ಇಂಗ್ಲಿಷ್ ವಿಕಿಪೀಡಿಯದ ಅವರ ಪುಟಕ್ಕೆ ಓದುಗರು ಮುಗಿಬಿದ್ದರು, ಜಾಲತಾಣ ತತ್ತರಿಸಿತು. ಓದುಗರ ದಟ್ಟಣೆಯೊಂದನ್ನೇ ದೂರುವಂತಿಲ್ಲ.

ವಿಕಿಪೀಡಿಯದ ಲೇಖನವನ್ನು ಸಂಪಾದಕರು ಬರೆಯುವುದು ಸಂಕೇತಗಳಿಂದ ಕೂಡಿದ ವಿಕಿಪಠ್ಯದಲ್ಲಿ. ಅದನ್ನು ಓದಬಲ್ಲ ಪುಟವಾಗಿ ಮಾರ್ಪಡಿಸುವುದು ಸರ್ವರಿಗೆ ಶ್ರಮದ ಕೆಲಸ. ಅಡಿಟಿಪ್ಪಣಿಗಳು ಹೆಚ್ಚಿದಷ್ಟೂ ಶ್ರಮ ಹೆಚ್ಚು. ಆದಕಾರಣ ಒಮ್ಮೆ ಸಿದ್ಧವಾದ ಪುಟವನ್ನು ‘ಕ್ಯಾಶ್’ ಎಂಬ ತಾತ್ಕಾಲಿಕ ಸಂಗ್ರಹದಲ್ಲಿರಿಸಿ, ಮುಂದೆ ಬಂದವರಿಗೆಲ್ಲ ಅದನ್ನೇ ಒದಗಿಸಲಾಗುತ್ತದೆ. ಅಂದಾದರೋ ಸಂಪಾದಕರು ಮೇಲಿಂದ ಮೇಲೆ ತಿದ್ದುತ್ತಿದ್ದರು. ಒಂದೊಂದು ತಿದ್ದುಪಡಿಗೂ ಸಂಗ್ರಹದ ಪುಟ ಅಸಿಂಧುವಾಯಿತು. ಹೊಸತು ಸಿದ್ಧವಾಗುವ ಮುನ್ನವೇ ಬಂದ ಕೋರಿಕೆ ಕೋರಿಕೆಗೂ ಸರ್ವರುಗಳು ಅದೇ ಪುಟವನ್ನು ಬೇರೆ ಬೇರೆಯಾಗಿ ಕಟ್ಟತೊಡಗಿದವು. ಒಂದೇ ಅಡುಗೆಗೆ ನೂರು ಒಲೆ ಹಚ್ಚಿದಂತೆ.

ಇದಕ್ಕೆ ಪರಿಹಾರವಾಗಿ ‘ಪೂಲ್‌ಕೌಂಟರ್’ ಎಂಬ ಏರ್ಪಾಡು ರೂಪುಗೊಂಡಿತು. ಪುಟವನ್ನು ಒಬ್ಬರಿಗಾಗಿ ಕಟ್ಟುತ್ತಿರುವಾಗ ಉಳಿದ ಕೋರಿಕೆಗಳು ಕಾಯುತ್ತವೆ. ಸರತಿ ಮಿತಿಮೀರಿದರೆ ಓದುಗರಿಗೆ ತುಸು ಹಳೆಯ ಪುಟವೇ ದೊರೆಯುತ್ತದೆ. ಯಂತ್ರಗಳನ್ನು ರಾಶಿ ಹಾಕುವುದಕ್ಕಿಂತ ಇದು ವಿವೇಕದ ದಾರಿ. ಕನ್ನಡ ವಿಕಿಪೀಡಿಯವೂ ಅದೇ ಮೀಡಿಯಾವಿಕಿ ತಂತ್ರಾಂಶದ ಮೇಲೆ ನಿಂತಿದೆ. ಕಾಸರಗೋಡಿನಲ್ಲಿ ಕುಳಿತು ಕಯ್ಯಾರ ಕಿಞ್ಞಣ್ಣ ರೈಗಳ ಪುಟ ತೆರೆಯುವ ವಿದ್ಯಾರ್ಥಿಗೂ ಈ ಕಾವಲುಂಟು.