ಉದ್ಯಮ ಕಟ್ಟುವವರಿಗೂ ಬಿಡುವು ಬೇಕು

ಸೋಮವಾರ ಎತ್ತುಗಳಿಗೆ ನೊಗ ಹೂಡದಿರುವುದು ನಮ್ಮ ರೈತರ ಹಳೆಯ ಪದ್ಧತಿ. ಆದರೆ ಎತ್ತಿನ ಒಡೆಯನಿಗೆ ಅಂತಹ ವಾರವಿಲ್ಲ. ರಾಯಚೂರು ಜಿಲ್ಲೆಯ ಕಲ್ಲೂರಿನಂತಹ ಊರುಗಳಲ್ಲಿ ಬೇಸಾಯದ ಜೊತೆಗೆ ಹೈನುಗಾರಿಕೆ, ಸಸಿಗಳ ನರ್ಸರಿ, ಬೇಳೆ ಗಿರಣಿ ಅಥವಾ ಬಾಡಿಗೆ ಯಂತ್ರಗಳ ಉದ್ಯಮಕ್ಕೆ ಕೈಹಾಕುವ ಯುವಕ ಯುವತಿಯರಿಗೆ ಈ ಮಾತು ಹೆಚ್ಚು ಅನ್ವಯಿಸುತ್ತದೆ. ಹಗಲು ಹೊಲ, ಸಂಜೆ ಗಿರಾಕಿ, ರಾತ್ರಿ ಸಾಲದ ಲೆಕ್ಕ ಎಂದಾದಾಗ ಮೊದಲು ಕಡಿತವಾಗುವುದು ನಿದ್ದೆ.

ವಯಸ್ಕರಿಗೆ ದಿನಕ್ಕೆ ಕನಿಷ್ಠ 7 ಗಂಟೆ ನಿದ್ದೆ ಅವಶ್ಯಕ. ನಿದ್ದೆಗೆಟ್ಟರೆ ಗಮನ ಕುಂದುತ್ತದೆ. ತೊಗರಿ ರಾಶಿ ಮಾಡುವ ಯಂತ್ರದ ಮುಂದೆ ಒಂದು ಕ್ಷಣ ತೂಕಡಿಸಿದರೆ ಕೈಯೇ ತುಂಡಾದೀತು. ದಣಿದ ಮನಸ್ಸು ಬಡ್ಡಿ, ಕಂತುಗಳನ್ನು ಸರಿಯಾಗಿ ತೂಗಿ ನೋಡದೆ ಹೊಸ ಸಾಲಕ್ಕೆ ಒಪ್ಪಿಬಿಡುತ್ತದೆ. ಬೇಸಿಗೆಯಲ್ಲಿ ಇಲ್ಲಿಯ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ಮೀರುವುದರಿಂದ ಬಿಸಿಲಿನ ಹೊಡೆತದ ಅಪಾಯವೂ ಉಂಟು.

ಅನುಸರಿಸಬೇಕಾದ ಕ್ರಮಗಳು:

1. ಬೇಸಿಗೆಯಲ್ಲಿ ಮಧ್ಯಾಹ್ನ 12ರಿಂದ 3 ಗಂಟೆಯವರೆಗೆ ಹೊರಗಿನ ದುಡಿಮೆ ನಿಲ್ಲಿಸಬೇಕು. ಬಾಯಾರುವ ಮೊದಲೇ ನೀರು, ಮಜ್ಜಿಗೆ ಕುಡಿಯುತ್ತಿರಬೇಕು.

2. ನಿದ್ದೆಗೆಟ್ಟ ದಿನ ಯಂತ್ರ ನಡೆಸಬಾರದು, ಕೀಟನಾಶಕ ಸಿಂಪಡಿಸಬಾರದು.

3. ಲೆಕ್ಕ ಬರೆಯುವುದು, ಹಾಲು ಅಳೆಯುವುದು ಮುಂತಾದ ಕೆಲಸಗಳನ್ನು ಮನೆಯ ಇನ್ನೊಬ್ಬರಿಗೂ ಕಲಿಸಿ, ವಾರಕ್ಕೊಂದು ದಿನ ಬಿಡುವು ಪಡೆಯಬೇಕು.

4. ನಿದ್ದೆ ಬಾರದ ರಾತ್ರಿಗಳು ಮುಂದುವರಿದರೆ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನು ಕಾಣಬೇಕು. ಬದುಕೇ ಬೇಡವೆನಿಸಿದಾಗ ಒಂದು ದಿನವೂ ತಡಮಾಡದೆ ಮನೆಯವರಿಗೆ ತಿಳಿಸಬೇಕು. 2022ರಲ್ಲಿ ಆರಂಭವಾದ ಉಚಿತ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬೇಕು.

ಉದ್ಯಮದ ಮೊದಲ ಬಂಡವಾಳ ಅದನ್ನು ನಡೆಸುವವರ ಆರೋಗ್ಯ. ಅದು ಕರಗಿದರೆ ಯಾವ ಬ್ಯಾಂಕೂ ಸಾಲ ಕೊಟ್ಟು ತುಂಬಲಾರದು.