ಆಟದ ಪೆಟ್ಟಿಗೆಯ ಪರದೆಗೊಂದು ಚೌಕಟ್ಟು

ಚಿತ್ರಕ್ಕೆ ಕಟ್ಟು ಹಾಕಿಸುವುದು ಅಂದಕ್ಕಾಗಿ ಎಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಕಟ್ಟಿಲ್ಲದಿದ್ದರೂ ಚಿತ್ರವು ಚಿತ್ರವೇ. ಆದರೆ ನಾಣ್ಯ ಹಾಕಿ ಆಡುವ ವಿದ್ಯುನ್ಮಾನ ಆಟದ ಪೆಟ್ಟಿಗೆಗಳಲ್ಲಿ, ಎಂದರೆ ಆರ್ಕೇಡ್ ಯಂತ್ರಗಳಲ್ಲಿ, ಪರದೆಯ ಸುತ್ತಣ ಕಟ್ಟಿಗೆ ಬೇರೆಯೇ ಆದ ಕೆಲಸವಿದೆ. ಬೆಜೆಲ್ ಎಂದು ಕರೆಯಲಾಗುವ ಈ ಕಪ್ಪು ಚೌಕಟ್ಟು ಇಲ್ಲದೆ ಹೋದರೆ ಆಡುವವನ ಕಣ್ಣಿಗೆ ಆಟಕ್ಕಿಂತ ಮೊದಲು ತಂತಿ, ತಿರುಪು, ಹಲಗೆಯ ಒರಟು ಅಂಚುಗಳೇ ಬೀಳುತ್ತವೆ. ಮನೆಯಲ್ಲಿಯೇ ಇಂಥ ಪೆಟ್ಟಿಗೆಯನ್ನು ಕಟ್ಟಹೊರಟ ಹವ್ಯಾಸಿಯು ಹಲಗೆಗಳನ್ನು ನೇರವಾಗಿ ಕೊಯ್ಯಬಲ್ಲ, ತಂತಿಗಳನ್ನು ಜೋಡಿಸಬಲ್ಲ; ಆದರೂ ಈ ಚೌಕಟ್ಟಿನ ಬಳಿಗೆ ಬಂದಾಗ ಅವನು ಎಡವುವುದುಂಟು. ಏಕೆಂದರೆ ಇದು ಮರಗೆಲಸದ ಪ್ರಶ್ನೆಯಾಗಿರುವಷ್ಟೇ ರೇಖಾಗಣಿತದ ಪ್ರಶ್ನೆಯೂ ಆಗಿದೆ.

೧೯೭೨ರಲ್ಲಿ ಅಮೆರಿಕದ ಅಟಾರಿ ಸಂಸ್ಥೆಯ 'ಪಾಂಗ್' ಆಟವು ಜನಪ್ರಿಯವಾದಂದಿನಿಂದ ಇಂಥ ಯಂತ್ರಗಳು ಬಹುಕಾಲ ಗಾಜಿನ ಚಿತ್ರನಳಿಗೆಯನ್ನೇ ಪರದೆಯಾಗಿ ಬಳಸಿದವು. ನಳಿಗೆಯ ಮುಖ ಉಬ್ಬಿದ್ದು. ಮರದ ಪೆಟ್ಟಿಗೆಯೋ ನೇರ ಅಂಚಿನದು. ಈ ಎರಡರ ನಡುವಣ ಸಂದನ್ನು ಮುಚ್ಚುವುದೇ ಚೌಕಟ್ಟಿನ ಮೊದಲ ಕೆಲಸವಾಗಿತ್ತು. ೧೯೭೮ರಲ್ಲಿ ಜಪಾನಿನ ಟೈಟೋ ಸಂಸ್ಥೆಗಾಗಿ ಟೊಮೊಹಿರೊ ನಿಶಿಕಾಡೊ ರಚಿಸಿದ 'ಸ್ಪೇಸ್ ಇನ್ವೇಡರ್ಸ್' ಆಟದ ನಿಲುವು ಪೆಟ್ಟಿಗೆಯು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅದರಲ್ಲಿ ಕಪ್ಪುಬಿಳುಪು ಚಿತ್ರವು ಅರೆಪಾರಕ ಕನ್ನಡಿಯೊಂದರಲ್ಲಿ ಪ್ರತಿಫಲಿಸಿ, ಹಿಂದೆ ಬಿಡಿಸಿದ್ದ ಚಂದ್ರಲೋಕದ ದೃಶ್ಯದ ಮೇಲೆ ತೇಲಿದಂತೆ ಕಾಣುತ್ತಿತ್ತು. ಬಣ್ಣದ ಪಾರದರ್ಶಕ ಪಟ್ಟಿಗಳು ಅದಕ್ಕೆ ವರ್ಣವನ್ನು ಕೊಡುತ್ತಿದ್ದವು. ಯಂತ್ರಕ್ಕೆ ಇಲ್ಲದ ಶಕ್ತಿಯನ್ನು ಪೆಟ್ಟಿಗೆಯು ತುಂಬಿಕೊಟ್ಟಿತೆಂದರೆ ತಪ್ಪಾಗದು. ೧೯೯೭ರಲ್ಲಿ ಇಟಲಿಯ ನಿಕೋಲಾ ಸಾಲ್ಮೋರಿಯಾ 'ಮೇಮ್' ಎಂಬ ಕ್ರಮವಿಧಿಯನ್ನು ಹೊರತಂದರು. ಹಳೆಯ ಯಂತ್ರಗಳ ನಡವಳಿಕೆಯನ್ನು ಸಾಮಾನ್ಯ ಕಂಪ್ಯೂಟರಿನಲ್ಲಿ ಅನುಕರಿಸಲು ಅದರಿಂದ ಸಾಧ್ಯವಾಯಿತು. ಆಟಗಳು ಹೀಗೆ ಉಳಿದುಕೊಂಡವು. ಅವುಗಳಿಗೆ ತಕ್ಕ ಪೆಟ್ಟಿಗೆಯನ್ನು ಕಟ್ಟುವ ಹವ್ಯಾಸವೂ ಬೆಳೆಯಿತು.

ಚೌಕಟ್ಟು ಕಪ್ಪಾಗಿಯೇ ಏಕಿರಬೇಕು? ಫ್ರಾನ್ಸಿನ ಗೋಬೆಲಿನ್ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣಗಾರಿಕೆಯ ಮೇಲ್ವಿಚಾರಕನಾಗಿದ್ದ ರಸಾಯನ ವಿಜ್ಞಾನಿ ಶೆವ್ರೂಲ್, ೧೮೩೯ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದಕ್ಕೆ ಸಂಬಂಧಿಸಿದ ತತ್ತ್ವವನ್ನು ವಿವರಿಸಿದ್ದಾನೆ. ಒಂದು ಬಣ್ಣವು ನಮಗೆ ಹೇಗೆ ಕಾಣುತ್ತದೆ ಎಂಬುದು ಅದರ ನೆರೆಯ ಬಣ್ಣವನ್ನೂ ಅವಲಂಬಿಸಿದೆ. ಒಂದೇ ಬೂದುಬಣ್ಣದ ಎರಡು ಕಾಗದದ ಚೂರುಗಳನ್ನು ಕಪ್ಪು ಹಾಳೆಯ ಮೇಲೊಂದು, ಬಿಳಿ ಹಾಳೆಯ ಮೇಲೊಂದು ಇಟ್ಟು ನೋಡಿ. ಕಪ್ಪಿನ ಮೇಲಿರುವುದು ಹೆಚ್ಚು ಬೆಳ್ಳಗೆ ಕಾಣುತ್ತದೆ. ಪರದೆಯ ಮಾತೂ ಹಾಗೆಯೇ. ಅಲ್ಲದೆ ಹೊಳಪುಳ್ಳ ಕಪ್ಪಾದರೆ ಪರದೆಯ ಬೆಳಕೇ ಅದರಲ್ಲಿ ಪ್ರತಿಬಿಂಬಿಸಿ ಕಣ್ಣನ್ನು ಸೆಳೆಯುತ್ತದೆ. ಆದಕಾರಣ ಹೊಳಪಿಲ್ಲದ ಕಪ್ಪೇ ಲೇಸು.

ಇನ್ನು ಅಳತೆಗೆ ಬರೋಣ. ಹಳೆಯ ಆಟಗಳ ಚಿತ್ರದ ಅಗಲ ಮತ್ತು ಎತ್ತರಗಳು ೪:೩ರ ಪ್ರಮಾಣದಲ್ಲಿದ್ದವು. ಇಂದಿನ ಚಪ್ಪಟೆ ಪರದೆಗಳಲ್ಲಿ ಬಹುತೇಕ ೧೬:೯ರ ಪ್ರಮಾಣದವು. ೨೪ ಅಂಗುಲದ ಪರದೆ ಎಂದಾಗ ಆ ೨೪ ಕರ್ಣದ ಅಳತೆಯೆಂಬುದನ್ನು ನೆನಪಿಡಬೇಕು. ಅದರ ಅಗಲ ಸುಮಾರು ೨೦.೯ ಅಂಗುಲ, ಎತ್ತರ ೧೧.೮ ಅಂಗುಲ. ಈ ಎತ್ತರಕ್ಕೆ ೪:೩ರ ಚಿತ್ರವನ್ನು ಕೂರಿಸಿದರೆ ಅದರ ಅಗಲ ೧೫.೭ ಅಂಗುಲವಾಗಿ, ಎಡಬಲಗಳಲ್ಲಿ ತಲಾ ೨.೬ ಅಂಗುಲ ಬರಿದಾಗಿ ಉಳಿಯುತ್ತದೆ. ಚಿತ್ರದ ಕರ್ಣವೆಷ್ಟು? ೩, ೪, ೫ ಭುಜಗಳ ಲಂಬಕೋನ ತ್ರಿಭುಜವನ್ನು ಬಲ್ಲವರಿಗೆ ಉತ್ತರ ಸುಲಭ: ಎತ್ತರದ ೫/೩ರಷ್ಟು, ಎಂದರೆ ೧೯.೬ ಅಂಗುಲ. ಹಳೆಯ ಯಂತ್ರಗಳಲ್ಲಿ ಹೇರಳವಾಗಿದ್ದ ೧೯ ಅಂಗುಲದ ನಳಿಗೆಗೆ ಇದು ತೀರ ಹತ್ತಿರ! ಬರಿದಾದ ಪಟ್ಟಿಗಳನ್ನು ಮುಚ್ಚಿದರೆ ಹಳೆಯ ಪರದೆಯೇ ಎದುರಿಗಿದ್ದಂತಾಗುತ್ತದೆ. ೧೯೮೦ರ 'ಪ್ಯಾಕ್‌ಮ್ಯಾನ್' ಮುಂತಾದವಕ್ಕೆ ಪರದೆಯನ್ನೂ ಚೌಕಟ್ಟನ್ನೂ ಒಟ್ಟಿಗೆ ನಿಲುವಾಗಿ ತಿರುಗಿಸಿದರೆ ಸಾಕು.

ಹಾಗಾದರೆ ೧೫.೭ಕ್ಕೆ ೧೧.೮ ಅಂಗುಲದ ಕಿಂಡಿಯುಳ್ಳ ಚಪ್ಪಟೆ ಹಲಗೆಯೊಂದನ್ನು ಮುಂದೆ ನಿಲ್ಲಿಸಿದರೆ ಮುಗಿಯಿತಲ್ಲ ಎಂದು ವಾಚಕರು ಕೇಳಬಹುದು. ಲೆಕ್ಕ ಹಾಕಿ ನೋಡೋಣ. ಹಲಗೆಯು ಪರದೆಯಿಂದ ೨ ಅಂಗುಲ ಮುಂದಿದೆ. ಆಡುವವನ ಕಣ್ಣು ಹಲಗೆಯಿಂದ ೨೪ ಅಂಗುಲ ದೂರದಲ್ಲಿದೆ ಎನ್ನೋಣ. ಇಬ್ಬರು ಆಡುವಾಗ ಒಬ್ಬನ ಕಣ್ಣು ನಡುವಿನಿಂದ ೧೨ ಅಂಗುಲ ಎಡಕ್ಕಿರುತ್ತದೆ. ಕಿಂಡಿಯ ಎಡ ಅಂಚು ನಡುವಿನಿಂದ ೭.೮೫ ಅಂಗುಲದಲ್ಲಿರುವುದರಿಂದ ಅದು ಕಣ್ಣಿನಿಂದ ೪.೧೫ ಅಂಗುಲ ಬಲಕ್ಕಿದೆ. ಸಮರೂಪ ತ್ರಿಭುಜಗಳ ನಿಯಮದಂತೆ ಇದರ ೨/೨೪ ಭಾಗ, ಎಂದರೆ ಸುಮಾರು ೦.೩೫ ಅಂಗುಲದಷ್ಟು ಚಿತ್ರ ಎಡಗಡೆ ಮರೆಯಾಗುತ್ತದೆ. ಬಲ ಅಂಚಾದರೋ ೧೯.೮೫ ಅಂಗುಲ ದೂರ. ಆ ಕಡೆಯಲ್ಲಿ ಚಿತ್ರದಿಂದಾಚೆಗೆ ೧.೬೫ ಅಂಗುಲ ಬೇಡದ ಭಾಗವು ಬಯಲಾಗುತ್ತದೆ. ಒಬ್ಬನಿಗೆ ಎಡ ಅಂಚು, ಮತ್ತೊಬ್ಬನಿಗೆ ಬಲ ಅಂಚು ಕಾಣದ ಪೆಟ್ಟಿಗೆಯಲ್ಲಿ ಆಟ ನ್ಯಾಯವಾಗಿ ನಡೆದೀತೆ?

ಪರಿಹಾರ ಸರಳವಾಗಿದೆ. ಕಿಂಡಿಯ ಒಳ ಅಂಚು ಪರದೆಯನ್ನೇ ತಾಗುವಂತಿರಬೇಕು. ಅಲ್ಲಿಂದ ನಾಲ್ಕು ಹಲಗೆಗಳು ಆಲಿಕೆಯ ಬಾಯಿಯಂತೆ ಹೊರಕ್ಕೆ ಅರಳಬೇಕು. ಪ್ರತಿ ಹಲಗೆಯೂ ೨ ಅಂಗುಲ ಮುಂದಕ್ಕೆ ಬರುವಷ್ಟರಲ್ಲಿ ೧.೫ ಅಂಗುಲ ಹೊರಕ್ಕೆ ಓರೆಯಾಗಲಿ. ಆಗ ಓರೆಯ ಅಳತೆ ೨.೫ ಅಂಗುಲ, ಇಲ್ಲಿಯೂ ನಮ್ಮ ೩, ೪, ೫ರ ತ್ರಿಭುಜವೇ ಬಂದು ನಿಂತಿದೆ. ನಾಲ್ಕೂ ತುಂಡುಗಳು ತ್ರಾಪಿಜ್ಯಗಳು. ಮೇಲಿನ ಮತ್ತು ಕೆಳಗಿನ ತುಂಡುಗಳ ಒಳ ಅಂಚು ೧೫.೭, ಹೊರ ಅಂಚು ೧೮.೭ ಅಂಗುಲ, ಪಕ್ಕದವುಗಳ ಒಳ ಅಂಚು ೧೧.೮, ಹೊರ ಅಂಚು ೧೪.೮ ಅಂಗುಲ, ಎಲ್ಲದರ ಅಗಲ ೨.೫ ಅಂಗುಲ. ಚಿತ್ರದ ಕಟ್ಟಿನ ಮೂಲೆಗಳಂತೆ ಇವುಗಳನ್ನು ೪೫ ಅಂಶದಲ್ಲಿ ಕೊಯ್ದರೆ ಮೂಲೆಗಳು ಎಂದೂ ಕೂಡವು. ೨.೫ ಅಂಗುಲದ ಅಗಲದಲ್ಲಿ ತುದಿಯು ಸರಿಯುವುದು ೧.೫ ಅಂಗುಲ ಮಾತ್ರ. ಆದಕಾರಣ ಕೋನವು ಲಂಬದಿಂದ ಸುಮಾರು ೩೧ ಅಂಶ. ಮೂಲೆಯ ಅಂಚಿನ ಉದ್ದ ೨.೯ ಅಂಗುಲ ಬಂದರೆ ಕೊಯ್ತ ಸರಿಯಾಗಿದೆ ಎಂದರ್ಥ.

ಮೊದಲು ದಪ್ಪ ರಟ್ಟಿನಲ್ಲಿ ಮಾದರಿಯನ್ನು ಮಾಡಿಕೊಳ್ಳುವುದು ಜಾಣತನ. ತುಂಡುಗಳನ್ನು ಅಂಟುಪಟ್ಟಿಯಿಂದ ಜೋಡಿಸಿ ಕಿಂಡಿಯ ಎರಡು ಕರ್ಣಗಳನ್ನೂ ಅಳೆಯಿರಿ. ಎರಡೂ ೧೯.೬ ಅಂಗುಲವಿದ್ದರೆ ಮೂಲೆಗಳು ಮಟ್ಟವಾಗಿವೆ. ಒಂದು ಹೆಚ್ಚಿ ಇನ್ನೊಂದು ತಗ್ಗಿದ್ದರೆ ಚೌಕಟ್ಟು ವಾಲಿದೆ. ಎಡಕ್ಕೂ ಬಲಕ್ಕೂ ಸರಿದು ನೋಡಿ ತೃಪ್ತಿಯಾದ ಬಳಿಕವೇ ತೆಳು ಪ್ಲೈವುಡ್ಡಿಗೆ ಗರಗಸ ಹಾಕಬೇಕು. ಹಲಗೆಗೆ ದಪ್ಪವಿರುವುದರಿಂದ ಕೂಡುವ ಅಂಚುಗಳನ್ನು ಓರೆಯಾಗಿ ಉಜ್ಜಬೇಕಾಗುತ್ತದೆ. ಮರಳುಕಾಗದದಿಂದ ನಯಮಾಡಿ, ಹೊಳಪಿಲ್ಲದ ಕಪ್ಪು ಬಣ್ಣವನ್ನು ತೆಳುವಾಗಿ ಎರಡು ಮೂರು ಸಲ ಬಳಿದರೆ ಚೌಕಟ್ಟು ಸಿದ್ಧ.

ಎರಡು ಎಚ್ಚರಿಕೆಗಳನ್ನು ಇಲ್ಲಿ ಹೇಳಲೇಬೇಕು. ಚೌಕಟ್ಟು ಮುಂಭಾಗವನ್ನು ಭದ್ರವಾಗಿ ಮುಚ್ಚುವುದರಿಂದ ಒಳಗಿನ ಶಾಖಕ್ಕೆ ದಾರಿ ಬೇಕು. ಪೆಟ್ಟಿಗೆಯ ಹಿಂಬದಿಯಲ್ಲಿ ಕೆಳಗೂ ಮೇಲೂ ರಂಧ್ರಗಳನ್ನು ಬಿಟ್ಟರೆ ಬಿಸಿಗಾಳಿ ಮೇಲಿನಿಂದ ಹೊರಟು, ತಂಪುಗಾಳಿ ಕೆಳಗಿನಿಂದ ಒಳಬರುತ್ತದೆ. ಎರಡನೆಯದು ಪ್ರಾಣಕ್ಕೆ ಸಂಬಂಧಿಸಿದ್ದು. ಹಳೆಯ ಯಂತ್ರ ದೊರೆಯಿತೆಂದು ಅದರ ಚಿತ್ರನಳಿಗೆಗೆ ಕೈ ಹಾಕಬೇಡಿ. ಬಣ್ಣದ ನಳಿಗೆಗಳಲ್ಲಿ ೨೦,೦೦೦ ವೋಲ್ಟಿನಷ್ಟು ಒತ್ತಡವಿರುತ್ತದೆ. ವಿದ್ಯುತ್ತನ್ನು ಕಡಿದ ಮೇಲೂ ಆ ಆವೇಶವು ನಳಿಗೆಯಲ್ಲಿ ಉಳಿದಿರಬಹುದು. ಒಳಗೆ ನಿರ್ವಾತವಿರುವ ಕಾರಣ ಒಡೆದರೆ ಗಾಜು ಸಿಡಿಯುತ್ತದೆ. ಅದು ಪಳಗಿದ ಕೈಗಳ ಕೆಲಸ.

ಚಪ್ಪಟೆ ಪರದೆ, ಒಂದಿಷ್ಟು ಹಲಗೆ, ಒಂದು ಅಳತೆಪಟ್ಟಿ ಇವಿಷ್ಟರಿಂದ ಮಾಡಬಹುದಾದ ಈ ಕೆಲಸದಲ್ಲಿ ಶಾಲೆಯ ಎರಡು ಪ್ರಮೇಯಗಳು ಪುಸ್ತಕದಿಂದ ಎದ್ದು ಬಂದು ಮರದಲ್ಲಿ ನಿಲ್ಲುತ್ತವೆ. ಚೌಕಟ್ಟು ಚೆನ್ನಾಗಿ ಕೂತಿದೆಯೆಂಬುದಕ್ಕೆ ಗುರುತು ಒಂದೇ: ಆಡುವವರು ಯಾರೂ ಅದನ್ನು ಗಮನಿಸುವುದಿಲ್ಲ.