ಡೇಟಾಬೇಸಿಗೆ ಯಾವ ಉಪಕರಣ?

ಒಂದು ಕಾಲೇಜಿನ ಪುಸ್ತಕಭಂಡಾರದಲ್ಲಿ 20,000 ಗ್ರಂಥಗಳಿವೆಯೆಂದು ಊಹಿಸೋಣ. ಗ್ರಂಥದ ಹೆಸರು, ಕರ್ತೃವಿನ ಹೆಸರು, ಅದಿರುವ ಕಪಾಟಿನ ಸಂಖ್ಯೆ ಇವನ್ನೆಲ್ಲ ದಪ್ಪ ರಿಜಿಸ್ಟರುಗಳಲ್ಲಿ ಬರೆದಿಡುವುದಕ್ಕೆ ಬದಲಾಗಿ ಕಂಪ್ಯೂಟರಿನಲ್ಲಿ ಕೋಷ್ಟಕಗಳ ರೂಪದಿಂದ ಸಂಗ್ರಹಿಸಿಟ್ಟರೆ ಅದು ಡೇಟಾಬೇಸ್ ಎನಿಸುವುದು. ಈ ಬಗೆಯ ಕೋಷ್ಟಕಗಳ ಗಣಿತತತ್ತ್ವವನ್ನು ಐ.ಬಿ.ಎಂ. ಸಂಸ್ಥೆಯಲ್ಲಿದ್ದ ಎಡ್ಗರ್ ಕಾಡ್ ಎಂಬ ವಿಜ್ಞಾನಿ 1970ರಲ್ಲಿ ಪ್ರಕಟಿಸಿದನು. ಅವುಗಳೊಡನೆ ವ್ಯವಹರಿಸಲು ಅದೇ ಸಂಸ್ಥೆಯ ಚೇಂಬರ್ಲಿನ್ ಮತ್ತು ಬಾಯ್ಸ್ ಎಂಬವರು 1974ರಲ್ಲಿ ಮುಂದಿಟ್ಟ ಭಾಷೆಯೇ ಬೆಳೆದು ಇಂದು ಎಸ್‌ಕ್ಯೂಎಲ್ ಎಂದು ಪ್ರಸಿದ್ಧವಾಗಿದೆ.

ಈ ಭಾಷೆಯ ಆಜ್ಞೆಗಳನ್ನು ಸಾಲುಸಾಲಾಗಿ ಟೈಪು ಮಾಡುವ ಶ್ರಮವನ್ನು ತಗ್ಗಿಸುವುದಕ್ಕಾಗಿ, ಕೋಷ್ಟಕವನ್ನು ತೆರೆಯ ಮೇಲೆ ಬಿಡಿಸಿ ತೋರಿಸಿ, ಮೌಸಿನಿಂದ ಒತ್ತಿ ತಿದ್ದಲು ಅನುವು ಮಾಡಿಕೊಡುವ ಉಪಕರಣಗಳು ಹಲವು ಬಂದಿವೆ. ಅವುಗಳಲ್ಲಿ ಯಾವುದನ್ನು ಆರಿಸಿಕೊಳ್ಳಬೇಕು?

ಬಾವಿ ಬೇರೆ, ರಾಟೆ ಬೇರೆ ಎಂಬುದನ್ನು ಮೊದಲು ಗಮನಿಸತಕ್ಕದ್ದು. ಮಾಹಿತಿಯನ್ನು ಕಾಯ್ದಿಡುವ ಪೋಸ್ಟ್‌ಗ್ರೆಸ್, ಮೈಎಸ್‌ಕ್ಯೂಎಲ್, ಎಸ್‌ಕ್ಯೂಎಲೈಟ್ ಮುಂತಾದ ತಂತ್ರಾಂಶಗಳು ಬಾವಿಗಳು. ನಾವು ಆರಿಸಹೊರಟಿರುವುದು ರಾಟೆಯನ್ನು. ಪಿಜಿಅಡ್ಮಿನ್ ಪೋಸ್ಟ್‌ಗ್ರೆಸ್ಸಿಗಾಗಿ ಹುಟ್ಟಿದ್ದು, ವರ್ಕ್‌ಬೆಂಚ್ ಮೈಎಸ್‌ಕ್ಯೂಎಲಿಗಾಗಿ. ಡಿಬೀವರ್ ಮಾತ್ರ ಅನೇಕ ಬಾವಿಗಳಿಗೆ ಒಗ್ಗುವುದು. ಹೊಸದಾಗಿ ಕಲಿಯುವ ವಿದ್ಯಾರ್ಥಿಗಳಿಗೆ ಎಸ್‌ಕ್ಯೂಎಲೈಟ್ ಮತ್ತು ಅದರ ಜೊತೆಗೆ ಡಿಬಿ ಬ್ರೌಸರ್ ಸಾಕೆಂಬುದು ನಮ್ಮ ಅಭಿಪ್ರಾಯ. ಅಲ್ಲಿ ಇಡೀ ಡೇಟಾಬೇಸ್ ಒಂದೇ ಫೈಲಿನಲ್ಲಿ ಅಡಗಿರುತ್ತದೆ. ಬೇರೆ ಸರ್ವರ್ ಬೇಕಿಲ್ಲ, ಹಣವೂ ಬೇಕಿಲ್ಲ.

ಆರಿಸುವಾಗ ಬಹುಮಂದಿ ತೆರೆಯ ಅಂದಚಂದಕ್ಕೆ ಮರುಳಾಗುವರು. ಕೈ ತಪ್ಪಿದಾಗ ಉಪಕರಣವು ಏನು ಮಾಡುವುದೆಂಬುದನ್ನು ನೋಡಬೇಕೆಂದು ನಾವು ಹೇಳುವೆವು. 101ನೆಯ ಗ್ರಂಥವನ್ನು 7ನೆಯ ಕಪಾಟಿಗೆ ಸಾಗಿಸಿದೆವೆನ್ನೋಣ. ಅದನ್ನು ದಾಖಲಿಸುವ ‘ಅಪ್‌ಡೇಟ್’ ಆಜ್ಞೆಯಲ್ಲಿ, ಯಾವ ಗ್ರಂಥವೆಂಬುದನ್ನು ಸೂಚಿಸುವ ‘ವೇರ್’ ಎಂಬ ಭಾಗವನ್ನು ಬರೆಯಲು ಮರೆತರೆ, 20,000 ಗ್ರಂಥಗಳೂ ಕ್ಷಣಾರ್ಧದಲ್ಲಿ 7ನೆಯ ಕಪಾಟಿಗೆ ಸೇರಿಬಿಡುವುವು! ವ್ಯಾಕರಣದ ದೃಷ್ಟಿಯಿಂದ ಆಜ್ಞೆ ಶುದ್ಧವಾಗಿರುವುದರಿಂದ ಡೇಟಾಬೇಸ್ ತಾನಾಗಿ ತಕರಾರು ತೆಗೆಯದು.

ಇಂಥ ಸಮಯದಲ್ಲಿ ಡಿಬಿ ಬ್ರೌಸರ್ ಬದಲಾವಣೆಯನ್ನು ಒಡನೆಯೇ ಸ್ಥಿರಗೊಳಿಸದೆ ತಡೆದಿಟ್ಟುಕೊಂಡಿರುವುದು. ಉಳಿಸುವ ಗುಂಡಿಯನ್ನೊತ್ತಿದರೆ ಮಾತ್ರ ಅದು ಫೈಲಿಗೆ ಸೇರುತ್ತದೆ. ಹಿಂತೆಗೆಯುವ ಗುಂಡಿಯನ್ನೊತ್ತಿದರೆ ಹಳೆಯ ಸ್ಥಿತಿ ಮರಳುವುದು. ಡಿಬೀವರಿನಲ್ಲಿ ಎರಡೂ ಕ್ರಮಗಳುಂಟು. ಸ್ವಯಂಚಾಲಿತ ಕ್ರಮದಲ್ಲಿದ್ದರೆ ಬದಲಾವಣೆ ಆ ಕ್ಷಣವೇ ಕಾಯಂ ಆಗುವುದು. ಆಮೇಲೆ ಬೇರೆಡೆ ತೆಗೆದಿಟ್ಟ ಪ್ರತಿಯೊಂದೇ ಗತಿ. ವರ್ಕ್‌ಬೆಂಚಿನ ಮಾರ್ಗ ಇನ್ನೊಂದು. ಗುರುತಿನ ಕಂಬಸಾಲನ್ನು ಹೆಸರಿಸದೆ ಬರೆದ ತಿದ್ದುಪಡಿಯನ್ನು ಅದರ ಸುರಕ್ಷಾ ಏರ್ಪಾಡು ನಿರಾಕರಿಸಿಬಿಡುವುದು. ಈ ನಿರಾಕರಣೆಯಿಂದ ಬೇಸತ್ತು ಏರ್ಪಾಡನ್ನೇ ತೆಗೆದುಹಾಕುವವರೂ ಇದ್ದಾರೆ. ಮನೆಯ ಚಿಲಕ ಬಿಗಿಯೆಂದು ಬಾಗಿಲನ್ನೇ ಕಿತ್ತಂತಾಯಿತಲ್ಲವೆ?

ಕಲಿಯುವವರಿಗೆ ಇನ್ನೊಂದು ಗುಣ ಬೆಲೆಯುಳ್ಳದ್ದು. ನಾವು ಮೌಸಿನಿಂದ ಒಂದು ಮನೆಯನ್ನು ತಿದ್ದಿದಾಗ ಉಪಕರಣವು ತೆರೆಮರೆಯಲ್ಲಿ ಎಸ್‌ಕ್ಯೂಎಲ್ ಆಜ್ಞೆಯನ್ನೇ ರಚಿಸಿ ಕಳಿಸುತ್ತದೆ. ಡಿಬಿ ಬ್ರೌಸರಿನಲ್ಲಿ ಅಂಥ ಆಜ್ಞೆಗಳ ದಿನಚರಿಯನ್ನು ತೆರೆದು ಓದಬಹುದು. ಓದುತ್ತ ಹೋದಂತೆ ಭಾಷೆ ತಾನಾಗಿ ಪರಿಚಯವಾಗುವುದು.

ವಾಚಕರು ಸ್ವತಃ ಒಂದು ಪ್ರಯೋಗವನ್ನು ಮಾಡಿ ನೋಡಬಹುದು. ಹತ್ತು ಸಾಲುಗಳ ಕೋಷ್ಟಕವೊಂದನ್ನು ರಚಿಸಿ, ಅದರಲ್ಲಿ ಕನ್ನಡ ಗ್ರಂಥಗಳ ಹೆಸರುಗಳನ್ನು ತುಂಬಿರಿ. ಅಕ್ಷರಗಳ ಜಾಗದಲ್ಲಿ ಪ್ರಶ್ನಚಿಹ್ನೆಗಳು ಕಂಡರೆ ಕೋಷ್ಟಕದ ಇಲ್ಲವೆ ಸಂಪರ್ಕದ ಲಿಪಿಸಂಕೇತವನ್ನು ಪರೀಕ್ಷಿಸಿರಿ. ಬಳಿಕ ‘ವೇರ್’ ಇಲ್ಲದ ‘ಅಪ್‌ಡೇಟ್’ ಆಜ್ಞೆಯನ್ನು ಬೇಕೆಂದೇ ಕೊಟ್ಟು, ಆ ಹತ್ತು ಸಾಲುಗಳನ್ನು ಮರಳಿ ಪಡೆಯಲು ಎಷ್ಟು ಹೊತ್ತು ಹಿಡಿಯಿತೆಂಬುದನ್ನು ಪ್ರತಿಯೊಂದು ಉಪಕರಣದಲ್ಲಿಯೂ ಬರೆದಿಟ್ಟುಕೊಳ್ಳಿರಿ.